ನಾಟಿ ಮೊಟ್ಟೆಯಲ್ಲಿ ಒಳಕಿವಿ ಮೂಡುವುದನ್ನು ನೋಡುವ ಬಗೆ

ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಬಾರದು, ಅದರಲ್ಲಿ ಭ್ರೂಣವೇ ಇರುವುದಿಲ್ಲ. ಕೋಲಾರದ ಸುತ್ತಲ ಹಳ್ಳಿಗಳಲ್ಲಿ ಹುಂಜವನ್ನೂ ಸಾಕಿರುವ ಮನೆಯಿಂದ, ಇಟ್ಟು ಮೂರು ದಿನ ದಾಟದ ನಾಟಿ ಮೊಟ್ಟೆ ಒಂದು ಡಜನ್ ತನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸ ಬೇಡ. 21 ಡಿಗ್ರಿ ದಾಟಿದರೆ ಭ್ರೂಣ ಅಷ್ಟಿಷ್ಟು ಬೆಳೆಯತೊಡಗುತ್ತದೆ, ಮೊಟ್ಟೆಗಳ ವಯಸ್ಸು ಒಂದಕ್ಕೊಂದು ಹೊಂದುವುದಿಲ್ಲ.

ಕಾವುಪೆಟ್ಟಿಗೆ 37.5–38 ಡಿಗ್ರಿ, ತೇವ ಶೇ 60. ಮೊಟ್ಟೆಯನ್ನು ಮಗ್ಗುಲಾಗಿ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮತ್ತೆ ಉರುಳಿಸಬೇಡಿ. ಕರೆಂಟು ಹೋದರೆ ಬಾಗಿಲು ತೆಗೆಯದೆ ಕಂಬಳಿ ಹೊದಿಸಿ. ಅರ್ಧ ಮೊಟ್ಟೆಗಳನ್ನು 48 ಗಂಟೆಗೆ, ಮಿಕ್ಕವನ್ನು 72 ಗಂಟೆಗೆ ತೆರೆಯಿರಿ.

ತೆರೆಯುವ ಮುಂಚೆ ಚಿಪ್ಪನ್ನು ಸ್ಪಿರಿಟ್‌ನಿಂದ ಒರೆಸಿ. ಮೊಂಡು ತುದಿಯಲ್ಲಿ 18 ಗೇಜ್ ಸೂಜಿಯನ್ನು ಕೆಳಮುಖವಾಗಿ ಇಳಿಸಿ 2–3 ಮಿಲಿ ಬಿಳಿ ಲೋಳೆ ಎಳೆಯಿರಿ. ಸಿರಿಂಜಿಗೆ ಹಳದಿ ಬಂತೆಂದರೆ ಆ ಮೊಟ್ಟೆ ಕೆಟ್ಟಿತು. ಲೋಳೆ ತೆಗೆಯದಿದ್ದರೆ ಭ್ರೂಣ ಚಿಪ್ಪಿನ ಒಳಮೈಗೇ ತಾಗಿಕೊಂಡಿದ್ದು ಕತ್ತರಿಗೆ ಸಿಕ್ಕಿ ಹರಿಯುತ್ತದೆ. ಗುರುತಿನ ಮೇಲೆ ಸೆಲ್ಲೋಟೇಪ್ ಅಂಟಿಸಿ, ರೂಪಾಯಿ ನಾಣ್ಯದಗಲ ಕತ್ತರಿಸಿ. ಟೇಪಿಲ್ಲದಿದ್ದರೆ ಚಿಪ್ಪಿನ ಚೂರು ಒಳಗೆ ಬೀಳುತ್ತದೆ.

ದುಂಡಗೆ ಮೊದಲು ಕಾಣುವುದು ಕಣ್ಣು. ಹೊಸಬರು ಅದನ್ನೇ ಕಿವಿ ಅಂದುಕೊಳ್ಳುತ್ತಾರೆ. ಅದರ ಹಿಂದೆ, ಹಿಮ್ಮೆದುಳಿನ ಪಕ್ಕದಲ್ಲಿ ಲೆನ್ಸ್ ಹಿಡಿದು ಹುಡುಕಿ: 48 ಗಂಟೆಗೆ ಬಾಯಿ ತೆರೆದ ಬಟ್ಟಲು, 72 ಗಂಟೆಗೆ ಬಾಯಿ ಮುಚ್ಚಿದ, ಗಸಗಸೆಗಿಂತ ಚಿಕ್ಕ ಗಾಜಿನಂಥ ಗುಳ್ಳೆ. ಒಳಕಿವಿಯ ಬಹುಪಾಲು ಹುಟ್ಟುವುದು ಅದರಿಂದಲೇ.

ಅಲ್ಲಿ ಕಿವಿ ಮೂಡಲಿ ಎಂಬ ಮೊದಲ ಸೂಚನೆ ಹಿಮ್ಮೆದುಳು ಮತ್ತು ಆ ಜಾಗದ ಕೆಳಗಿನ ಕೋಶಪದರದಿಂದ ಬರುವ, ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಎಫ್‌ಜಿಎಫ್ ಪ್ರೋಟೀನುಗಳದು. ಗುಳ್ಳೆಯ ತಳಭಾಗ ಸದ್ದು ಕೇಳುವ ಭಾಗವಾಗಿ ಬೆಳೆಯಲು ಸಾನಿಕ್ ಹೆಡ್ಜ್‌ಹಾಗ್ ಎಂಬ ಇನ್ನೊಂದು ಸಂದೇಶ ಪ್ರೋಟೀನು ಬೇಕು.

ಪಾಠದಲ್ಲಿ ಹೆಚ್ಚು ತಪ್ಪಾಗುವುದು ನಾಚ್ ವಿಷಯದಲ್ಲಿ, ಅಂದರೆ ಪಕ್ಕದ ಕೋಶದ ಸೂಚನೆ ಹಿಡಿಯುವ, ಕೋಶದ ಮೇಲ್ಮೈಯ ಪ್ರೋಟೀನಿನ ವಿಷಯದಲ್ಲಿ. ಅದಕ್ಕೆ ಎರಡು ಕೆಲಸ, ಒಂದಕ್ಕೊಂದು ತದ್ವಿರುದ್ಧ. ಮೊದಲು ಒಂದು ಕೋಶದ ಮೇಲಿನ ಜ್ಯಾಗ್ಡ್1 ಎಂಬ ಪ್ರೋಟೀನು ಪಕ್ಕದ ಕೋಶದ ನಾಚ್ ತಟ್ಟಿ ‘ನೀನೂ ನನ್ನಂತಾಗು’ ಅನ್ನುತ್ತದೆ, ಸಾಕ್ಸ್2 ಪ್ರೋಟೀನು ಇರುವ ಸಂವೇದನಾ ತೇಪೆ (ಮುಂದೆ ಸದ್ದು, ಸಮತೋಲ ಗ್ರಹಿಸುವ ಕೋಶಗಳ ಗುಂಪು) ಉಳಿದು ಹರಡುತ್ತದೆ. ಆಮೇಲೆ ಆಟೋ1 ಎಂಬ ಪ್ರೋಟೀನು ಮೇಲುಗೈಯಾದ ಕೋಶ, ಕಂಪನ ಹಿಡಿಯುವ ರೋಮಕೋಶವಾಗುತ್ತಾ, ಡೆಲ್ಟಾ ಎಂಬ ಪ್ರೋಟೀನನ್ನು ಹೊರಚಾಚಿ ಪಕ್ಕದ ಕೋಶದ ನಾಚ್‌ಗೆ ‘ನೀನು ಸುಮ್ಮನಿರು’ ಅನ್ನುತ್ತದೆ, ಪಕ್ಕದ್ದು ರೋಮಕೋಶಕ್ಕೆ ಒತ್ತಾಸೆಯಾಗಿ ನಿಲ್ಲುವ ಆಸರೆಕೋಶವಾಗುತ್ತದೆ. ಆದ್ದರಿಂದ ನಾಚ್ ತಡೆಯುವ ಡ್ಯಾಪ್ಟ್ ಎಂಬ ರಾಸಾಯನಿಕವನ್ನು ಬೇಗ ಕೊಟ್ಟರೆ ತೇಪೆಯೇ ಕುಗ್ಗುತ್ತದೆ, ತಡವಾಗಿ ಕೊಟ್ಟರೆ ರೋಮಕೋಶ ಮಿತಿಮೀರುತ್ತವೆ. ಬೋರ್ಡಿನ ಮೇಲೆ ಎರಡು ಚಿತ್ರ ಬರೆಯಿರಿ, ಒಂದರಲ್ಲೇ ಮುಗಿಸಬೇಡಿ. ಮೂರು ದಿನದ ಮೊಟ್ಟೆಯಲ್ಲಿ ರೋಮಕೋಶ ಹುಡುಕಲೂ ಹೋಗಬೇಡಿ, ಅವು ಇನ್ನೂ ಹುಟ್ಟಿರುವುದಿಲ್ಲ.

ನೋಡಿ ಮುಗಿದ ಮೊಟ್ಟೆಗಳನ್ನು ಅಂದೇ ಫ್ರೀಜರಿಗೆ ಹಾಕಿ.