ರಷ್ಯಾಕ್ಕೆ ಹೊಸದಾಗಿ ಬಂದವರೇ, ಪರೀಕ್ಷೆಯ ದಿನ ‘ಸ್ಪಸೀಬಾ’ ಅನ್ನಬೇಡಿ

ಕುರ್ಸ್ಕ್, ಕಜಾನ್ ಕಡೆ ಮೆಡಿಕಲ್ ಓದಲು ಬರುವ ನಮ್ಮ ಮಕ್ಕಳು ಮೊದಲ ವರ್ಷವೇ ಒಂದಿಷ್ಟು ರಷ್ಯನ್ ಕಲಿತುಬಿಡುತ್ತಾರೆ. ಆದರೂ ಹಾಸ್ಟೆಲ್ ಅಡುಗೆಮನೆಯಲ್ಲಿ ನಾಲ್ಕು ಜನ ಹರಟುತ್ತಿದ್ದರೆ, ಒಂದೊಂದು ಪದವೂ ಗೊತ್ತಿದ್ದು ಮಾತು ಮಾತ್ರ ಅರ್ಥವಾಗುವುದಿಲ್ಲ. ನನಗೂ ಹಾಗೇ ಆಗಿತ್ತು.

ಮೊದಲ ಪರೀಕ್ಷೆಗೆ ಹೊರಟಾಗ ಬಾಗಿಲು ಕಾಯುವ ಅಜ್ಜಿ ‘ನಿ ಪೂಖಾ, ನಿ ಪಿರಾ’ ಅಂದರು. ತುಪ್ಪಳವೂ ಸಿಗದಿರಲಿ, ಗರಿಯೂ ಸಿಗದಿರಲಿ ಅಂತ. ಶುಭವಾಗಲಿ ಅನ್ನುವುದನ್ನೇ ಇವರು ಹೀಗೆ ಹೇಳುತ್ತಾರೆ. ನಾನು ಸ್ಪಸೀಬಾ, ಅಂದರೆ ಥ್ಯಾಂಕ್ಸ್, ಅಂದೆ. ಅಜ್ಜಿ ಗಾಬರಿಯಾಗಿ ನನ್ನನ್ನು ನಿಲ್ಲಿಸಿ, ‘ಕ್ ಚೋರ್ತು’ ಅಂತ ನನ್ನ ಬಾಯಲ್ಲಿ ಹೇಳಿಸಿಯೇ ಕಳಿಸಿದರು. ದೆವ್ವದ ಹತ್ರ ಹೋಗು ಅಂತ ಅದರ ಅರ್ಥ! ಅಷ್ಟು ವಯಸ್ಸಾದವರಿಗೆ ಹಾಗನ್ನಲು ನನಗೆ ನಾಲಿಗೆಯೇ ಏಳಲಿಲ್ಲ.

ಇದು ಬೇಟೆಗಾರರ ಮಾತು. ಒಳ್ಳೇ ಬೇಟೆ ಸಿಗಲಿ ಅಂದರೆ ಅದು ಕೆಟ್ಟ ಶಕ್ತಿಗಳ ಕಿವಿಗೆ ಬಿದ್ದು ಕೆಲಸ ಕೆಡುತ್ತದೆ ಅನ್ನೋ ಭಯ, ಅದಕ್ಕೇ ಉಲ್ಟಾ ಹಾರೈಸುತ್ತಿದ್ದರು. ನಾವು ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವಲ್ಲ, ಅದೇ ದೃಷ್ಟಿಯ ಭಯ. ಆದರೆ ನೆನಪಿರಲಿ, ಬೇರೆ ಹೊತ್ತಿನಲ್ಲಿ ಈ ‘ಕ್ ಚೋರ್ತು’ ಬೈಗುಳವೇ.

ಇಲ್ಲಿನವರು ನಗುವುದಿಲ್ಲ, ಸೇರಿಸಿಕೊಳ್ಳುವುದಿಲ್ಲ ಅಂತ ಹೊಸಬರು ಜಾಸ್ತಿ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ನಾನು ಉಪ್ಪಿನ ಮಾತು ಹೇಳುತ್ತೇನೆ. ಒಬ್ಬರನ್ನು ಚೆನ್ನಾಗಿ ಬಲ್ಲೆ ಅನ್ನಲು ಇವರು ‘ಅವನ ಜೊತೆ ಒಂದು ಪೂದ್ ಉಪ್ಪು ತಿಂದಿದ್ದೇನೆ’ ಅನ್ನುತ್ತಾರೆ. ಪೂದ್ ಹಳೇ ತೂಕ, 16 ಕಿಲೋಗಿಂತ ಸ್ವಲ್ಪ ಜಾಸ್ತಿ. ಇಬ್ಬರು ಒಟ್ಟಿಗೆ ಉಂಡು ಅಷ್ಟು ಉಪ್ಪು ಮುಗಿಸಲು ವರ್ಷಗಳೇ ಬೇಕು, ಅಲ್ವಾ? ಹಿಂದೆ ಉಪ್ಪು ಎಷ್ಟು ತುಟ್ಟಿಯಾಗಿತ್ತೆಂದರೆ, 1648ರಲ್ಲಿ ಮಾಸ್ಕೋದಲ್ಲಿ ಎದ್ದ ದಂಗೆಗೆ ಉಪ್ಪಿನ ದಂಗೆ ಅಂತಲೇ ಹೆಸರು. ಅಂಥ ಉಪ್ಪನ್ನು ರೊಟ್ಟಿಯ ಜೊತೆ ಇಟ್ಟು ಅತಿಥಿಯನ್ನು ಎದುರುಗೊಳ್ಳುವುದು ಇಲ್ಲಿನ ಸಂಪ್ರದಾಯ. ನಮಗೆ ಉಪ್ಪು ಅಂದರೆ ಋಣ, ಇವರಿಗೆ ಒಟ್ಟಿಗೆ ಕಳೆದ ಕಾಲ. ಸ್ವಲ್ಪ ಕಾಯಿರಿ, ಸ್ನೇಹ ಆದಮೇಲೆ ಇವರಷ್ಟು ಗಟ್ಟಿ ಜನ ಸಿಗುವುದಿಲ್ಲ.

ಕೆಲವು ಮಾತಿನ ಹಿಂದೆ ನೋವೂ ಇದೆ. ಆಸೆ ಇಟ್ಟುಕೊಂಡಿದ್ದು ಕೈತಪ್ಪಿದಾಗ ‘ನೋಡಜ್ಜೀ, ಇದೇ ನಿನ್ನ ಯೂರಿ ದಿನ’ ಅನ್ನುತ್ತಾರೆ. 1497ರ ಕಾನೂನಿನ ಪ್ರಕಾರ ರೈತ ಒಬ್ಬ ಧಣಿಯನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗಬಹುದಾಗಿದ್ದುದು ವರ್ಷಕ್ಕೆ ಎರಡೇ ವಾರ, ನವೆಂಬರ್ 26ರ ಯೂರಿ ಹಬ್ಬದ ಹಿಂದೊಂದು ಮುಂದೊಂದು. 16ನೇ ಶತಮಾನದ ಕೊನೆಗೆ ಅದನ್ನೂ ಕಿತ್ತುಕೊಂಡರು. 1861ರ ತನಕ ಜೀತ ಬಿಡಲಿಲ್ಲ. ಇವತ್ತು ರಜೆ ರದ್ದಾದರೂ ಜನ ಅದೇ ಮಾತು ಆಡುತ್ತಾರೆ.

ಬ್ಲಿನ್ ಅಂದರೆ ದೋಸೆಯಂಥದ್ದೇ ಇಲ್ಲಿನ ತಿಂಡಿ. ‘ಮೊದಲ ಬ್ಲಿನ್ ಮುದ್ದೆ’ ಅನ್ನುವ ಮಾತನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ, ಮೊದಲ ದೋಸೆ ಕಾವಲಿ ಬಿಡದೇ ಇರುವುದನ್ನು ನೋಡಿಯೇ ಬೆಳೆದಿದ್ದೇವೆ.

ಇನ್ನು, ಊರಿಗೆ ಹೊರಟಾಗ ಯಾರಾದರೂ ‘ಪ್ರಿಸ್ಯಾದಿಮ್ ನಾ ದರೋಷ್ಕು’ ಅಂದರೆ, ದಾರಿಗೆ ಮುಂಚೆ ಒಂದು ಗಳಿಗೆ ಕೂರೋಣ ಅಂತ. ಟ್ಯಾಕ್ಸಿ ಕಾಯುತ್ತಿದ್ದರೂ ಕೂತುಕೊಳ್ಳಿ. ನಮ್ಮ ಮನೆಯಲ್ಲಿ ‘ಹೋಗ್ತೀನಿ ಅನ್ನಬೇಡ, ಹೋಗಿ ಬರ್ತೀನಿ ಅನ್ನು’ ಅನ್ನುತ್ತಾರಲ್ಲ, ಅಷ್ಟೇ ಅಕ್ಕರೆ ಅದರಲ್ಲಿದೆ. ಕುರ್ಚಿ ಇಲ್ಲದಿದ್ದರೆ ಸೂಟ್‌ಕೇಸ್ ಮೇಲೆ ಕೂತರೂ ಆದೀತು, ಆದರೆ ಮಾತಾಡಬೇಡಿ.