ಲಿನಕ್ಸ್ ಬೂಟ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತಿದೆಯೇ? ಮೊದಲು ಇದನ್ನು ನೋಡಿ

ಬೂಟ್ ನಿಧಾನವಾಯಿತು ಎಂದ ಕೂಡಲೇ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಯಾವುದೇ ಇರಲಿ, ಸಮಯ ಎಲ್ಲಿ ಹೋಗುತ್ತಿದೆ ಎಂದು ಸಿಸ್ಟಮ್‌ಡಿ (ಬೂಟ್ ಹೊತ್ತಿನಲ್ಲಿ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ಶುರುಮಾಡುವ ವ್ಯವಸ್ಥೆ) ಲೆಕ್ಕ ಇಟ್ಟಿರುತ್ತದೆ. ಕೇಳಬೇಕು ಅಷ್ಟೆ.

ಟರ್ಮಿನಲ್ ತೆರೆದು ‘ಸಿಸ್ಟಮ್‌ಡಿ-ಅನಲೈಜ್’ ಎಂದು ಕೊಡಿ. ಫರ್ಮ್‌ವೇರ್ (ಮದರ್‌ಬೋರ್ಡಿನ ಬಯಾಸ್), ಲೋಡರ್ (ಲಿನಕ್ಸನ್ನು ಲೋಡ್ ಮಾಡುವ ಪ್ರೋಗ್ರಾಂ), ಕರ್ನಲ್ (ಲಿನಕ್ಸ್‌ನ ತಿರುಳು), ಯೂಸರ್‌ಸ್ಪೇಸ್ (ಅದರ ನಂತರ ಶುರುವಾಗುವ ಸರ್ವಿಸ್‌ಗಳು) ಒಂದೊಂದಕ್ಕೂ ಎಷ್ಟೆಷ್ಟು ಸೆಕೆಂಡು ಹಿಡಿಯಿತು ಅಂತ ಬರುತ್ತದೆ. ಫರ್ಮ್‌ವೇರ್‌ನಲ್ಲೇ ಜಾಸ್ತಿ ಹೋಗಿದ್ದರೆ ಅದು ಲಿನಕ್ಸ್ ತಪ್ಪಲ್ಲ. ಬಯಾಸ್‌ನಲ್ಲಿ ನೆಟ್‌ವರ್ಕ್ ಬೂಟ್ ಆಫ್ ಮಾಡಿ, ಸುಮ್ನೆ ಚುಚ್ಚಿಟ್ಟಿರುವ ಪೆನ್‌ಡ್ರೈವ್ ತೆಗೆದು ನೋಡಿ.

ಯೂಸರ್‌ಸ್ಪೇಸ್ ನಿಧಾನ ಎಂದಾದರೆ ಎಲ್ಲರೂ ಹೇಳುವುದು ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’. ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ಬರುತ್ತದೆ. ನೋಡಿ, ಆದರೆ ಪಟ್ಟಿಯ ಮೊದಲಲ್ಲಿ ಇರುವುದನ್ನೇ ಹಿಡಿದು ಡಿಸೇಬಲ್ ಮಾಡಬೇಡಿ. ಸರ್ವಿಸ್‌ಗಳು ಒಟ್ಟೊಟ್ಟಿಗೇ ಓಡುತ್ತವೆ, ಹತ್ತು ಸೆಕೆಂಡು ತೆಗೆದುಕೊಂಡದ್ದು ಬೇರೆ ಯಾರನ್ನೂ ಕಾಯಿಸದೇ ಇದ್ದಿರಬಹುದು ಅಲ್ವಾ? ಯಾರು ಯಾರಿಗಾಗಿ ಕಾದರು ಎನ್ನುವುದಕ್ಕೆ ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’ ಕೊಡಿ. ಅದರಲ್ಲಿ ಪ್ಲಸ್ ಗುರುತಿನ ಮುಂದೆ ಇರುವುದು ಆ ಸರ್ವಿಸ್ ಶುರುವಾಗಲು ತೆಗೆದುಕೊಂಡ ಸಮಯ.

ಬೂಟ್ ಆಗುವಾಗ ಲೋಗೋ ಮಾತ್ರ ಕಾಣುತ್ತಿದ್ದರೆ ಎಸ್ಕೇಪ್ ಒತ್ತಿ. ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಬಂದು, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಮಿತಿ ಇಟ್ಟುಕೊಂಡು ಎಣಿಕೆ ನಡೆಯುತ್ತಿದ್ದು, ಆ ಸಾಲಿನಲ್ಲಿ ಡಿಸ್ಕ್‌ನ ಯುಯುಐಡಿ (ಪ್ರತಿ ಪಾರ್ಟಿಷನ್‌ಗೂ ಇರುವ ಉದ್ದನೆಯ ಗುರುತಿನ ಸಂಖ್ಯೆ) ಕಾಣಿಸಿದರೆ ಕಾರಣ ಬಹುತೇಕ ಸಿಕ್ಕಿತು ಎಂದೇ ಲೆಕ್ಕ. ಇಲ್ಲದ ಪಾರ್ಟಿಷನ್‌ಗಾಗಿ ಸಿಸ್ಟಮ್ ಕಾಯುತ್ತಿದೆ. ಸ್ವಾಪ್ ಪಾರ್ಟಿಷನ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಅಳಿಸಿದಾಗ, ಅಥವಾ ಇನ್ನೊಂದು ಲಿನಕ್ಸ್ ಹಾಕುವಾಗ ಅದೇ ಸ್ವಾಪ್ ಮತ್ತೆ ಫಾರ್ಮ್ಯಾಟ್ ಆಗಿ ಯುಯುಐಡಿ ಬದಲಾದಾಗ ಹೀಗಾಗುತ್ತದೆ. ‘ಸುಡೋ ಬಿಎಲ್‌ಕೆಐಡಿ’ ಕೊಟ್ಟು ಈಗಿರುವ ಯುಯುಐಡಿಗಳನ್ನು ನೋಡಿ, ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಜೊತೆ ಹೋಲಿಸಿ. ಹೊಂದದ ಸಾಲನ್ನು ಸರಿಮಾಡಿ, ಬೇಡವಾಗಿದ್ದರೆ ಮುಂದೆ ಒಂದು ಹ್ಯಾಶ್ ಹಾಕಿ. ಅದಕ್ಕೂ ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ, ರೂಟ್ ಪಾರ್ಟಿಷನ್ನಿನ ಸಾಲು ಕೆಟ್ಟರೆ ಬೂಟೇ ಆಗದೇ ಹೋಗಬಹುದು. ಯಾವಾಗಲೂ ಜೋಡಿಸಿರದ ಹೊರಗಿನ ಡಿಸ್ಕ್ ಆದರೆ ಆಪ್ಷನ್‌ಗಳಲ್ಲಿ ‘ನೋಫೇಲ್’ ಸೇರಿಸಿ. ಎಲ್ಲ ಮುಗಿದ ಮೇಲೆ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ತಪ್ಪಿದ್ದಲ್ಲಿ ತೋರಿಸುತ್ತದೆ.

ಉಬುಂಟು, ಡೆಬಿಯನ್‌ನಲ್ಲಿ ಇದೇ ಹಳೆಯ ಸ್ವಾಪ್‌ನ ಯುಯುಐಡಿ ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್ ಶುರುವಿನಲ್ಲಿ ಲೋಡ್ ಆಗುವ ಪುಟ್ಟ ಫೈಲ್‌ಸಿಸ್ಟಮ್) ರೆಸ್ಯೂಮ್ ಸೆಟ್ಟಿಂಗ್‌ನಲ್ಲೂ ಉಳಿದುಕೊಂಡಿರಬಹುದು. ಅಲ್ಲೂ ಬದಲಿಸಿ ‘ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ.

ನೆಟ್‌ವರ್ಕ್ ಸಿಗುವವರೆಗೆ ಕಾಯುವ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಸರ್ವಿಸ್ ಬೂಟನ್ನು ಕಾಯಿಸುತ್ತಿದ್ದರೆ ಮನೆಯ ಲ್ಯಾಪ್‌ಟಾಪಿನಲ್ಲಿ ಡಿಸೇಬಲ್ ಮಾಡಬಹುದು. ಬೂಟ್ ಹೊತ್ತಿನಲ್ಲೇ ನೆಟ್‌ವರ್ಕ್ ಡ್ರೈವ್ ಮೌಂಟ್ ಆಗಬೇಕಾದ ಕಡೆ ಮಾತ್ರ ಬೇಡ.

ಇದ್ಯಾವುದೂ ಅಲ್ಲ, ಎಲ್ಲ ಸರ್ವಿಸ್‌ಗಳೂ ನಿಧಾನ ಎಂದರೆ ಡಿಸ್ಕ್ ಮೇಲೆ ಅನುಮಾನ ಪಡಿ. ‘ಸುಡೋ ಡಿಎಂಇಎಸ್‌ಜಿ’ ಕೊಟ್ಟು, ಬರುವ ಕರ್ನಲ್ ಸಂದೇಶಗಳಲ್ಲಿ ಐ/ಓ ಎರರ್ (ಡಿಸ್ಕ್ ಓದುವ, ಬರೆಯುವ ದೋಷ) ಇದೆಯೇ ನೋಡಿ. ‘ಸುಡೋ ಸ್ಮಾರ್ಟ್‌ಸಿಟಿಎಲ್ -ಎ’ ಜೊತೆ ಡಿಸ್ಕಿನ ಹೆಸರು ಕೊಟ್ಟಾಗ ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಡಿಸ್ಕ್ ಭಾಗಗಳ ಎಣಿಕೆ) ಮುಂದೆ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಬಂದರೆ ಬೂಟ್ ವಿಷಯ ಅಲ್ಲಿಗೇ ಬಿಡಿ, ಮೊದಲು ಫೋಟೋ, ದಾಖಲೆಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.