ಗ್ಯಾಂಗಿನ ಕಥೆ ಬರೆಯಬೇಕಾ? ಮೊದಲು ದುಡ್ಡು ಎಲ್ಲಿಂದ ಬಂತು ನೋಡಿ

ಪತ್ರಿಕೋದ್ಯಮ ಓದುವ ಹುಡುಗಿಯರು ಪ್ರಾಜೆಕ್ಟ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿರುತ್ತಾರೆ. ಬಹಳ ಜನಕ್ಕೆ ಬೇಕಿರುವುದು ಗ್ಯಾಂಗ್‌ವಾರ್. "ಅಕ್ಕಾರ, ಮೊದಲನೇ ಮರ್ಡರಿನಿಂದ ಶುರು ಮಾಡ್ಲ್ಯಾ?" ಎಂದು ಕೇಳುತ್ತಾರೆ. ಬ್ಯಾಡವಾ ಅನ್ನುತ್ತೇನೆ. ವಿಜಯಪುರದ ಒಂದು ಸಣ್ಣ ಪತ್ರಿಕೆಯ ಕ್ರೈಂ ಡೆಸ್ಕಿನಲ್ಲಿ ಕೂತೇ ನನ್ನ ತಲೆ ಬೆಳ್ಳಗಾಗಿದೆ. ಕೊಲೆಯಿಂದ ಶುರುವಾದ ಬರಹ ಸೇಡಿನ ಕಥೆಯಾಗಿಯೇ ಮುಗಿಯುತ್ತದೆ. ಅಣ್ಣನನ್ನು ಕೊಂದರು, ತಮ್ಮ ತೀರಿಸಿಕೊಂಡ, ಮುಗೀತು. ಗ್ಯಾಂಗ್ ಬೆಳೆದದ್ದು ಹೇಗೆ ಅನ್ನುವುದು ಎಲ್ಲೂ ಬರುವುದಿಲ್ಲ.

ಅಭ್ಯಾಸಕ್ಕೆ ಮುಂಬೈಯನ್ನು ತೆಗೆದುಕೊಳ್ಳಿ. ಅಲ್ಲಿನದು ಹಳೇ ವಿಷಯ, ಕೋರ್ಟಿನ ತೀರ್ಪುಗಳು ಸಿಗುತ್ತವೆ, ತಾರೀಖುಗಳು ಗಟ್ಟಿ ಇವೆ. ಮೇಲಾಗಿ ಬರೆದ ಮರುದಿನ ಗಾಂಧಿ ಚೌಕದಲ್ಲಿ ನಿಮ್ಮನ್ನು ಯಾರೂ ಅಡ್ಡಗಟ್ಟುವುದಿಲ್ಲ. ಕೈ ಪಳಗಿದ ಮೇಲೆ ನಮ್ಮ ಭೀಮಾ ನದಿ ದಂಡೆಯ ಗ್ಯಾಂಗುಗಳಿಗೆ ಬನ್ನಿ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲುಗಡೆ ವ್ಯಕ್ತಿಗಳ ಹೆಸರು ಬೇಡ, ದಂಧೆಯ ಹೆಸರು ಬರೆಯಿರಿ. ಸರ್ಕಾರ ಯಾವುದನ್ನು ನಿಷೇಧಿಸಿತ್ತು? ಯಾವುದಕ್ಕೆ ಬೇಡಿಕೆ ಇದ್ದೇ ಇತ್ತು? ಮುಂಬೈಯಲ್ಲಿ 1949ರ ಪಾನನಿಷೇಧ ಕಾಯ್ದೆ ಬಂತು, ಕುಡಿಯುವವರು ಕುಡಿಯುವುದು ಬಿಡಲಿಲ್ಲ, ಕಳ್ಳಭಟ್ಟಿ ಎದ್ದಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಬಂತು, ಮದುವೆಗಳು ನಿಲ್ಲಲಿಲ್ಲ, ಚಿನ್ನ ಸಮುದ್ರದ ಮೇಲೆ ಬಂತು. ಹಾಜಿ ಮಸ್ತಾನ್, ಕರೀಂ ಲಾಲಾ, ವರದರಾಜನ್ ಮುದಲಿಯಾರ್ ಹೆಸರುಗಳು ಬರುವುದು ಈ ಸಾಲಿನ ಕೆಳಗೆ. ಆಮೇಲೆ 1990ರಲ್ಲಿ ಆ ಚಿನ್ನದ ಕಾಯ್ದೆಯೇ ರದ್ದಾಯಿತು. ಅದರ ಮುಂದೆ ಒಂದು ಪ್ರಶ್ನೆ ಗುರುತು ಹಾಕಿ: ಕಳ್ಳಸಾಗಣೆಯಲ್ಲಿ ಲಾಭ ಕಡಿಮೆಯಾದ ಮೇಲೆ ಇವರೆಲ್ಲ ಏನು ಮಾಡಿದರು? ಬಿಲ್ಡರ್‌ಗಳಿಗೆ, ಸಿನಿಮಾದವರಿಗೆ ಹಫ್ತಾದ ಫೋನು ಹೋಗುವುದು ಆ ದಶಕದಲ್ಲಿ ಯಾಕೆ ಜಾಸ್ತಿಯಾಯಿತು ಅನ್ನುವುದರ ಅರ್ಧ ಉತ್ತರ ಅಲ್ಲಿದೆ.

ಎರಡನೇ ಸಾಲು ಕೆಲಸ ಕಳೆದುಕೊಂಡವರದು. ಇದನ್ನು ಯಾರೂ ಬರೆಯುವುದಿಲ್ಲ. 1982ರ ಜನವರಿ 11ರಂದು ಮುಂಬೈ ಪೊಲೀಸರು ವಡಾಳಾದಲ್ಲಿ ಮನ್ಯಾ ಸುರ್ವೆಯನ್ನು ಹೊಡೆದರು. ನಗರದ ಮೊದಲ ಎನ್‌ಕೌಂಟರ್ ಅಂತ ಅದು ಎಲ್ಲರ ಬಾಯಲ್ಲೂ ಇದೆ. ಸರಿಯಾಗಿ ಒಂದು ವಾರಕ್ಕೆ, ಜನವರಿ 18ಕ್ಕೆ, ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಬಹಳಷ್ಟು ಜನ ಮತ್ತೆ ಮಿಲ್ಲಿನ ಮೆಟ್ಟಿಲು ಹತ್ತಲೇ ಇಲ್ಲ. ನನ್ನನ್ನು ಕೇಳಿದರೆ ಗ್ಯಾಂಗಿನ ಕಥೆಗೆ 11ಕ್ಕಿಂತ 18 ದೊಡ್ಡ ತಾರೀಖು. ಬೈಕುಳಾ, ಪರೇಲ್ ಕಡೆಯ ಚಾಳುಗಳಲ್ಲಿ ಕೆಲಸವಿಲ್ಲದ ಹುಡುಗರು, ಪಕ್ಕದಲ್ಲೇ ಬೆಲೆ ಏರುತ್ತಿರುವ ಮಿಲ್ ಜಾಗ. ಮುಂದೆ ಗ್ಯಾಂಗ್ ಕಟ್ಟಿದ ಅರುಣ್ ಗವಳಿಯ ದಗಡಿ ಚಾಳ್ ಇರುವುದು ಅಲ್ಲೇ.

ಈಗ ಕೊಲೆಗಳಿಗೆ ಬನ್ನಿ. ಐದು ಕಾಲಂ ಎಳೆಯಿರಿ. ತಾರೀಖು, ಜಾಗ, ಸತ್ತವರು, ಯಾರ ಮೇಲೆ ಆರೋಪ, ಇದು ನಿಮಗೆ ಹೇಗೆ ಗೊತ್ತು. ಕೊನೆಯ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಬಳಸುವ ಹಾಗಿಲ್ಲ. ನನ್ನ ಹತ್ತಿರ ಈ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ.

ತುಂಬಿಸುತ್ತಾ ಹೋಗೋಣ. 1981ರ ಫೆಬ್ರವರಿ 12, ಪ್ರಭಾದೇವಿಯ ಪೆಟ್ರೋಲ್ ಪಂಪು, ಸತ್ತದ್ದು ಸಾಬಿರ್ ಕಾಸ್ಕರ್, ಆರೋಪ ಪಠಾಣ್ ಗ್ಯಾಂಗಿನ ಮೇಲೆ. ಸಾಬಿರ್‌ನ ತಮ್ಮನೇ ದಾವೂದ್ ಇಬ್ರಾಹಿಂ. ಅಪ್ಪ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಅನ್ನುವುದನ್ನೂ ಮರೆಯಬೇಡಿ. 1983ರ ಸೆಪ್ಟೆಂಬರಿನಲ್ಲಿ ಆ ಕೊಲೆಯ ಆರೋಪಿ ಅಮೀರ್‌ಜಾದಾನನ್ನು ಕೋರ್ಟಿನ ಒಳಗೇ ಗುಂಡಿಟ್ಟು ಕೊಂದರು. ಅದರ ಹಿಂದೆಯೇ ದಾವೂದ್ ಕಡೆಯ ಬಡಾ ರಾಜನ್ ಕೂಡ ಇನ್ನೊಂದು ಕೋರ್ಟಿನ ಹೊರಗೆ ಸತ್ತ. 1984ರಲ್ಲಿ ಪಠಾಣರ ಕಡೆಯ ಸಮದ್ ಖಾನ್. ಇಲ್ಲಿತನಕ ಕಂಪನಿ, ಅಂದರೆ ದಾವೂದ್ ಗ್ಯಾಂಗು, ಒಂದು ಕಡೆ, ಪಠಾಣರು ಇನ್ನೊಂದು ಕಡೆ. ಓದಲು ಸಲೀಸು.

ಮುಂದಿನ ಸಾಲುಗಳಲ್ಲಿ ಗೆರೆ ಅಡ್ಡಾದಿಡ್ಡಿ ಆಗುತ್ತದೆ. ಬಾಬು ರೇಶಿಮ್, ರಾಮಾ ನಾಯ್ಕ್, ಅರುಣ್ ಗವಳಿ ಒಂದು ಕಾಲಕ್ಕೆ ದಾವೂದ್ ಜೊತೆ ನಡೆದವರು. 1987ರಲ್ಲಿ ರೇಶಿಮ್‌ನನ್ನು ಪೊಲೀಸ್ ಲಾಕಪ್ಪಿನಲ್ಲೇ ವಿರೋಧಿಗಳು ಕೊಂದರು. 1988ರಲ್ಲಿ ರಾಮಾ ನಾಯ್ಕ್ ಪೊಲೀಸ್ ಗುಂಡಿಗೆ ಸತ್ತ. ಅದಕ್ಕೆ ಮುಂಚೆ ಒಂದು ಜಾಗದ ತಕರಾರಿನಲ್ಲಿ ನಾಯ್ಕ್‌ಗೂ ದಾವೂದ್ ಕಡೆಯವರಿಗೂ ಬಿದ್ದಿತ್ತು. ಸುಳಿವು ಕೊಟ್ಟದ್ದು ದಾವೂದ್ ಅಂತ ಗವಳಿ ಕಡೆಯವರ ಅನುಮಾನ. "ಅನುಮಾನ" ಅಂತಲೇ ಬರೆಯಬೇಕು, "ದ್ರೋಹ" ಅಂತ ಬರೆದರೆ ನೀವೂ ಒಂದು ಗ್ಯಾಂಗಿಗೆ ಸೇರಿದಿರಿ. 1990ರಲ್ಲಿ ಗವಳಿಯ ಅಣ್ಣ ಹೋದ. 1992ರ ಜುಲೈ 26ಕ್ಕೆ ದಾವೂದ್ ತಂಗಿಯ ಗಂಡ ಇಸ್ಮಾಯಿಲ್ ಪಾರ್ಕರ್. ಹೊರಗಿನಿಂದ ನೋಡಿದರೆ ಅಣ್ಣನಿಗೆ ಬದಲು ತಂಗಿಯ ಗಂಡ ಅನ್ನುವ ಲೆಕ್ಕ. ಹಾಳೆಯಲ್ಲಿ ಬೆರಳಿಟ್ಟು ಹಿಂದಕ್ಕೆ ಹೋದರೆ ಒಂದು ಜಾಗದ ತಕರಾರಿಗೆ ಬಂದು ನಿಲ್ಲುತ್ತೀರಿ.

1992ರ ಸೆಪ್ಟೆಂಬರ್ 12ರ ಸಾಲನ್ನು ಸ್ವಲ್ಪ ನಿಧಾನಕ್ಕೆ ಬರೆಸುತ್ತೇನೆ. ಮುಂಬೈಯ ಜೆಜೆ ಆಸ್ಪತ್ರೆ. ಪಾರ್ಕರ್ ಕೊಲೆಯ ಆರೋಪ ಹೊತ್ತಿದ್ದ ಶೈಲೇಶ್ ಹಳ್ದಣ್‌ಕರ್ ಪೊಲೀಸ್ ಕಾವಲಿನಲ್ಲಿ ವಾರ್ಡಿನಲ್ಲಿ ಮಲಗಿದ್ದ. ಎಕೆ-47 ಹಿಡಿದು ಬಂದವರು ಅವನನ್ನು ಕೊಂದರು. ಕಾವಲಿಗಿದ್ದ ಇಬ್ಬರು ಪೊಲೀಸರೂ ಸತ್ತರು. ಹುಡುಗಿಯರು ತರುವ ಹಾಳೆಯಲ್ಲಿ ಹಳ್ದಣ್‌ಕರ್ ಇರುತ್ತಾನೆ, ಬಂದೂಕಿನ ಮಾಡೆಲ್ ಇರುತ್ತದೆ, ಆ ಇಬ್ಬರು ಇರುವುದಿಲ್ಲ. ಎರಡು ಸಾಲು ಜಾಸ್ತಿ ಬರೆಸಿಯೇ ಮುಂದಕ್ಕೆ ಬಿಡುವುದು. ಆರು ತಿಂಗಳಿಗೆ, 1993ರ ಮಾರ್ಚ್ 12ಕ್ಕೆ, ಸರಣಿ ಬಾಂಬ್ ಸ್ಫೋಟ. 257 ಜನ. ಕಾಲಂ ಸಾಲುವುದಿಲ್ಲ, ಗೊತ್ತು. ಬೇರೆ ಹಾಳೆ ಅಂಟಿಸಿ. ಕಂಪನಿ ಒಡೆದು ಛೋಟಾ ರಾಜನ್ ಬೇರೆಯಾದದ್ದು, 2000ದಲ್ಲಿ ಬ್ಯಾಂಕಾಕಿನಲ್ಲಿ ಅವನ ಮೇಲೆ ದಾಳಿ ಆದದ್ದು, 2015ರಲ್ಲಿ ಬಾಲಿಯಲ್ಲಿ ಸಿಕ್ಕಿಬಿದ್ದದ್ದು ಎಲ್ಲ ಆ ಹಾಳೆಗೆ.

ಮಾತಿನ ವಿಷಯ. ತೀರ್ಪು ಬರುವ ತನಕ ಆರೋಪಿ, ಬಂದ ಮೇಲೆ ಅಪರಾಧಿ. ಗವಳಿ 2004ರಲ್ಲಿ ಶಾಸಕನಾದ, 2012ರಲ್ಲಿ ಒಬ್ಬ ಕಾರ್ಪೊರೇಟರ್ ಕೊಲೆ ಕೇಸಿನಲ್ಲಿ ಅಪರಾಧಿ ಅಂತ ತೀರ್ಪಾಯಿತು. ಯಾವ ವರ್ಷದ ಬಗ್ಗೆ ಬರೆಯುತ್ತಿದ್ದೀರೋ ಆ ವರ್ಷಕ್ಕೆ ಏನಿತ್ತೋ ಅದನ್ನೇ ಹೇಳಿ. "ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ" ಅನ್ನುವ ಸಾಲು ಸ್ಟೇಷನ್ನಿನಿಂದ ದಿನಾ ಬರುತ್ತದೆ. ಸಾಮಾನ್ಯ ಕೇಸಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ. ಸಂಘಟಿತ ಅಪರಾಧ ತಡೆಯಲು ಬಂದ ಮಹಾರಾಷ್ಟ್ರದ 1999ರ ಮೋಕಾ ಕಾಯ್ದೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಬರೆದುಕೊಂಡರೆ ನಡೆಯುತ್ತದೆ. ಹಾಗಾಗಿ ಕೇಸು ಯಾವ ಕಾಯ್ದೆಯದು ಅಂತ ಮೊದಲು ನೋಡಬೇಕು.

"ಗ್ಯಾಂಗ್" ಅನ್ನುವುದನ್ನೂ ಸುಮ್ನೆ ಅಂಟಿಸಬೇಡಿ. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಒಮ್ಮೆ ಕೊಡಲಿ ಎತ್ತಿದರೆ ಅದು ಗ್ಯಾಂಗ್ ಅಲ್ಲ. ಮೋಕಾ ಆಗಲಿ, ಅಂಥದ್ದೇ ಕರ್ನಾಟಕದ ಕಾಯ್ದೆ 2000ದ ಕೋಕಾ ಆಗಲಿ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಆಗಲಿ ಕೇಳುವುದು ಒಂದೇ. ಹಿಂದಿನ ಹತ್ತು ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಚಾರ್ಜ್‌ಶೀಟ್ ಇದೆಯಾ? ನೀವೂ ಅದನ್ನೇ ಎಣಿಸಿ.

ಎನ್‌ಕೌಂಟರ್ ಬಂದರೆ "ಪೊಲೀಸರ ಪ್ರಕಾರ" ಅಂತ ಬರೆದು ಅಲ್ಲಿಗೇ ಬಿಡಬೇಡಿ. 2014ರಲ್ಲಿ ಸುಪ್ರೀಂ ಕೋರ್ಟ್ ಹದಿನಾರು ಮಾರ್ಗಸೂಚಿ ಕೊಟ್ಟಿದೆ. ಎಫ್‌ಐಆರ್ ಆಗಬೇಕು, ತನಿಖೆ ಸಿಐಡಿ ಅಥವಾ ಬೇರೆ ಸ್ಟೇಷನ್ನಿನ ತಂಡದಿಂದ ನಡೆಯಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಆ ವಿಚಾರಣೆ ಏನಾಯಿತು ಅಂತ ಮೂರು ತಿಂಗಳು ಬಿಟ್ಟು ಹೋಗಿ ಕೇಳಿ. ಸುದ್ದಿ ಇರುವುದು ಅಲ್ಲಿ.

ಕಾಗದ ಸಿಗುವ ಜಾಗ ಗೊತ್ತಿರಲಿ. ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಿಂದ ಆದೇಶ ಇದೆ. ಕೇಸಿನ ತಾರೀಖು, ತೀರ್ಪು ನ್ಯಾಯಾಲಯಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಸಿಗುತ್ತವೆ. ಹೆಸರಿನಿಂದ ಹುಡುಕುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ನೋಡಿ. ಬಿರಾದಾರ ಅನ್ನುವುದನ್ನು ಸ್ಟೇಷನ್ನಿನ ರೈಟರ್ ಒಂದು ಥರ ಬರೆದಿದ್ದರೆ ಕೋರ್ಟಿನವರು ಇನ್ನೊಂದು ಥರ ಬರೆದಿರುತ್ತಾರೆ. ಜಿಲ್ಲೆಯಲ್ಲಿ ಬಿರಾದಾರರಿಗೇನು ಬರ ಇಲ್ಲವಲ್ಲ, ಅಪ್ಪನ ಹೆಸರು, ಊರು ತಾಳೆ ನೋಡದೆ ಮುಟ್ಟಬೇಡಿ.

ಇನ್ನು ಭೀಮಾ ದಂಡೆ. ಇಂಡಿ, ಚಡಚಣ, ಸಿಂದಗಿ ಕಡೆಯ ಹಳ್ಳಿಗಳಿಗೆ ಹೋದರೆ "ಯಾರು ಮಾಡಿದ್ರು?" ಅಂತ ಕೇಳಬೇಡಿ. ಉತ್ತರ ಬರುವುದಿಲ್ಲ, ಬಂದರೂ ಹೇಳಿದವರಿಗೆ ತೊಂದರೆ. ಹೊಲ ಯಾವಾಗ ಕೈ ಬದಲಾಯಿತು, ಉಸುಕಿನ ಟಿಪ್ಪರ್ ಯಾವ ದಾರಿಯಲ್ಲಿ ಓಡುತ್ತವೆ, ಪಂಚಾಯ್ತಿ ಚುನಾವಣೆಯಲ್ಲಿ ಯಾರು ಯಾರೆದುರು ನಿಂತರು ಅಂತ ಕೇಳಿ. ಚಹಾ ಬರುತ್ತದೆ, ಮಾತೂ ಬರುತ್ತದೆ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೊರಟಿದ್ದೀರಿ ಅಂತ ಆಫೀಸಿಗೆ ತಿಳಿಸಿರಿ. ಸತ್ತವರ ಮನೆಗೆ ಹೋದಾಗ ಮೊದಲೇ ಫೋಟೋ ಕೇಳುವ ಚಾಳಿ ಬಿಡಿ. ಸಾಕ್ಷಿಗಳ ಹೆಸರು ಬರೆಯಲೇಬೇಡಿ, ಊರಿನ ಹೆಸರಿನ ಜೊತೆ "ನಾಲ್ಕು ಎಕರೆ ಲಿಂಬೆ ತೋಟದವರು" ಅಂತಲೂ ಬೇಡ. ಅಷ್ಟಕ್ಕೇ ಗೊತ್ತಾಗಿಬಿಡುತ್ತದೆ. ಹೆಡ್ಡಿಂಗಿನಲ್ಲಿ ಇಡೀ ನದಿಗೆ ರಕ್ತ ಬಳಿಯುವ ಹಳೇ ರೋಗವೂ ನಮ್ಮವರಿಗಿದೆ. ಆ ದಂಡೆಯಲ್ಲಿ ಲಿಂಬೆ, ದ್ರಾಕ್ಷಿ ಬೆಳೆದು ಬದುಕುವವರೇ ಜಾಸ್ತಿ ಅಲ್ವಾ? ಅವರ ಮಗಳಿಗೆ ಗಂಡು ನೋಡುವಾಗ ನಿಮ್ಮ ಹೆಡ್ಡಿಂಗ್ ಅಡ್ಡ ಬರುತ್ತದೆ.

ಬರೆದಾದ ಮೇಲೆ ಅಡ್ಡಹೆಸರುಗಳನ್ನೆಲ್ಲ ಒಮ್ಮೆ ಹೊಡೆದುಹಾಕಿ ಓದಿ. ಭಾಯಿ, ಡಾನ್, ಶಾರ್ಪ್‌ಶೂಟರ್ ಹೋದ ಮೇಲೂ ಬರಹ ನಿಂತರೆ ಸರಿ. ಆಮೇಲೆ ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರಿಗೆ ತೋರಿಸಿ. ಐದನೇ ಕಾಲಮ್ಮಿನ ಕಾಗದಗಳನ್ನೆಲ್ಲ ಝೆರಾಕ್ಸ್ ಮಾಡಿಸಿಕೊಂಡು ಹೋಗಿ. ಫೀಸು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಮಾನಹಾನಿ ನೋಟಿಸ್ ಬಂದ ಮೇಲೆ ಅದೇ ವಕೀಲರು ಜಾಸ್ತಿ ಕೇಳುತ್ತಾರೆ.